ಕಬ್ಬಿನ ಹಂಗಾಮಿನಲ್ಲಿ ರಾತ್ರಿ ನೀರಾ–ಬಾರಾಮತಿ ರಸ್ತೆ ಹಿಡಿಯಬೇಡಿ

ಪುಣೆಯಿಂದ ಸ್ವಂತ ಗಾಡಿಯಲ್ಲಿ ವಿಜಯಪುರ, ಕಲಬುರಗಿ ಕಡೆ ಊರಿಗೆ ಹೋಗುವವರು ಇದನ್ನೊಮ್ಮೆ ಓದಿ.

ನಾವು ಯಾವಾಗಲೂ ಸೊಲ್ಲಾಪುರ ಹೈವೇ ಹಿಡಿಯುವವರು. ಈ ಜನವರಿಯಲ್ಲಿ ಮಾತ್ರ ಅವ್ವ, ಜೇಜುರಿ ಖಂಡೋಬನಿಗೆ, ಅಂದರೆ ನಮ್ಮ ಮೈಲಾರಲಿಂಗನಿಗೆ, ಭಂಡಾರ ಹಾರಿಸಿಯೇ ಹೋಗೋಣ ಅಂದಳು. ದರ್ಶನ ಮುಗಿಸಿ ಮೆಟ್ಟಿಲು ಇಳಿಯುವಷ್ಟರಲ್ಲಿ ಕತ್ತಲು. ಮತ್ತೆ ಹೈವೇಗೆ ಹೋಗುವುದು ಸುತ್ತು ಅನಿಸಿ, ಮ್ಯಾಪ್ ತೋರಿಸಿದ ಒಳರಸ್ತೆ ಹಿಡಿದೆ. ನೀರಾ, ಬಾರಾಮತಿ, ಇಂದಾಪುರ.

ನೀರಾ ದಾಟಿದರೆ ಬರೀ ಕಬ್ಬು. ಬ್ರಿಟಿಷರ ಕಾಲದ ಎಡದಂಡೆ ಕಾಲುವೆಯ ನೀರುಂಡ ಭೂಮಿ, ಹಗಲಲ್ಲಿ ನೋಡೋಕೆ ಚೆಂದ. ಆದರೆ ದೀಪಾವಳಿ ಆಸುಪಾಸಿಗೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಮಾರ್ಚ್‌ವರೆಗೂ ರಾತ್ರಿ ಈ ರಸ್ತೆ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ. ಒಂದಕ್ಕೆ ಎರಡೆರಡು ಟ್ರೇಲರ್. ಹಿಂದೆ ಲೈಟಿಲ್ಲ. ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಜೋತುಬಿದ್ದು ಮುಚ್ಚಿರುತ್ತದೆ. ಒಂದಕ್ಕಂತೂ ಹಳೆ ಸಿಡಿಯೊಂದನ್ನು ದಾರ ಕಟ್ಟಿ ನೇತುಹಾಕಿದ್ದರು, ಅದೇ ಅದರ ಟೇಲ್ ಲ್ಯಾಂಪ್! ಹಾರ್ನ್ ಹೊಡೆದರೂ ಕೇಳಿಸದು, ಡ್ರೈವರ್ ಹಾಕಿದ ಹಾಡು ಅಷ್ಟು ಜೋರು.

ಅವನ್ನೆಲ್ಲ ಹುಷಾರಾಗಿ ದಾಟಿದೆ. ಸಿಕ್ಕಿಬಿದ್ದದ್ದು ಕಲ್ಲಿಗೆ.

ಟ್ರೇಲರ್ ಪಂಕ್ಚರ್ ಆದರೆ ಗಾಲಿಗೆ ಕಲ್ಲು ಕೊಡುತ್ತಾರೆ. ಹಿಂದೆ ಬರುವವರಿಗೆ ಕಾಣಲಿ ಅಂತ ಇನ್ನೂ ನಾಲ್ಕು ಸಾಲಾಗಿ ಇಡುತ್ತಾರೆ. ರಿಪೇರಿ ಆದ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ, ಕಲ್ಲು ಅಲ್ಲೇ. ವಡಗಾಂವ್ ನಿಂಬಾಳ್ಕರ್ ದಾಟಿದ ಮೇಲೆ ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆಯಿತು. ಎಡಕ್ಕೆ ಸರಿದೆ. ಕೆಳಗೆ ಧಡ್ ಅಂತು.

ಇನ್ನು ನನ್ನ ಪೆದ್ದುತನ ಕೇಳಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಕೆಂಪು ಗುರುತು ಹತ್ತಿತು. ಕತ್ತಲಲ್ಲಿ ಅವ್ವ, ಮಗುವನ್ನು ಕಟ್ಟಿಕೊಂಡು ನಿಲ್ಲುವುದು ಹೇಗೆ, ಮುಂದೆ ಧಾಬಾ ಲೈಟು ಕಾಣ್ತಿದೆಯಲ್ಲ ಅಂತ ಎರಡು ಕಿಲೋಮೀಟರ್ ಓಡಿಸಿಬಿಟ್ಟೆ. ಧಾಬಾ ಮುಟ್ಟುವ ಮುಂಚೆಯೇ ಎಂಜಿನ್ ಕರಕರ ಅಂದು ನಿಂತಿತು. ಇಳಿದು ಮೊಬೈಲ್ ಬೆಳಕು ಬಿಟ್ಟರೆ, ಬಂದ ದಾರಿಯುದ್ದಕ್ಕೂ ಎಣ್ಣೆಯ ಕಪ್ಪು ಗೆರೆ. "ಮೈಲಾರಲಿಂಗ ಇಷ್ಟಕ್ಕೇ ಬಿಟ್ಟ" ಅಂದಳು ಅವ್ವ, ಹಣೆಯ ಮೇಲಿನ್ನೂ ಭಂಡಾರ. ನನಗೆ ಸಿಟ್ಟೇ ಬಂತು.

ಬೆಳಿಗ್ಗೆ ಧಾಬಾ ಹುಡುಗನ ಬೈಕಲ್ಲಿ ಎಣ್ಣೆಯ ಗೆರೆ ಹಿಡಿದು ಹಿಂದಕ್ಕೆ ಹೋದೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡ ಕಲ್ಲು, ಅಷ್ಟೇ. ಪಕ್ಕದಲ್ಲಿ ಇನ್ನೂ ಮೂರು. ಎತ್ತಿ ಬದುವಿಗೆ ಹಾಕಿದೆವು.

ಚೇಂಬರ್, ಅಂದರೆ ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ, ಒಡೆದಿದೆ, ಅಲ್ಲೇ ಆಫ್ ಮಾಡಿದ್ದರೆ ಕೆಲವೇ ಸಾವಿರದಲ್ಲಿ ಮುಗೀತಿತ್ತು ಅಂದ ಬಾರಾಮತಿಯ ಮೆಕ್ಯಾನಿಕ್. ಎಣ್ಣೆಯಿಲ್ಲದೆ ಓಡಿಸಿದ್ದಕ್ಕೆ ಎಂಜಿನ್ ಸೀಜ್, ಒಳಗೇ ಬಿಗಿದು ಜಾಮ್ ಆಗಿತ್ತು. ಇನ್ಶೂರೆನ್ಸ್‌ನವರು ಚೇಂಬರ್ ದುಡ್ಡು ಕೊಟ್ಟರು, ಎಂಜಿನ್‌ದು ಇಲ್ಲ. ಪಾಲಿಸಿ ಇರುವುದು ಕಲ್ಲಿನ ಏಟಿಗೆ, ಆಮೇಲೆ ಓಡಿಸಿ ಕೆಡಿಸಿಕೊಂಡದ್ದಕ್ಕಲ್ಲವಂತೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ಇದೆ. ರಿನ್ಯೂ ಮಾಡುವಾಗ ಸುಮ್ನೆ ಖರ್ಚು ಅಂತ ನಾನೇ ಬೇಡ ಅಂದಿದ್ದೆ. ಕೈಯಿಂದ ಹೋದದ್ದು 78,000 ರೂಪಾಯಿ.

ಜೇಜುರಿಯಲ್ಲಿ ಕತ್ತಲಾದರೆ ಅಲ್ಲೇ ಉಳಿಯಿರಿ, ಇಲ್ಲವೇ ಸುತ್ತಾದರೂ ಹೈವೇಗೆ ಹೋಗಿ. ಒಳರಸ್ತೆಯೇ ಗತಿಯಾದರೆ ಎದುರಿನ ಲೈಟ್ ಹೊಡೆದಾಗ ವೇಗ ಇಳಿಸಿ, ಎಡದಂಚಿಗೆ ಮಾತ್ರ ಇಳಿಯಬೇಡಿ, ಕಲ್ಲಿರುವುದೇ ಅಲ್ಲಿ. ಕೆಳಗೆ ಸದ್ದಾಗಿ ಕೆಂಪು ಗುರುತು ಹತ್ತಿತೋ, ನಿಂತಲ್ಲೇ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ರಸ್ತೆಯಿಂದಾಚೆ ಇಳಿಸಿ. ಒಂದು ಕಂಬಳಿಯೂ ಇರಲಿ. ನಮಗೆ ಟೋ ಗಾಡಿ ಸಿಕ್ಕಿದ್ದು ಬೆಳಗಾದ ಮೇಲೆ, ಆ ಕಾಲುವೆ ಪಕ್ಕದಲ್ಲಿ ಚಳಿ ಜಾಸ್ತಿ.