ಜಿಂಪ್ಸ್ ಕಡತಗಳು: ಸರ್ವರ್‌ಗೆ ಒಪ್ಪಿಸುವುದೋ, ಕೈಯಾರೆ ನಿರ್ವಹಿಸುವುದೋ?

ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು (2ರ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳನ್ನು) ಹುಡುಕಲೆಂದು 1996ರಲ್ಲಿ ಆರಂಭವಾದ ಜಿಂಪ್ಸ್ ಯೋಜನೆಗೆ ಬೆಂಗಳೂರಿನ ಮನೆಯಿಂದಲೇ ಕಂಪ್ಯೂಟರ್ ಜೋಡಿಸುವವರು ಕಡತಗಳನ್ನು ಯಾರು ನೋಡಿಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಬೇಕು. ಯೋಜನೆಯ ಕೆಲಸ ಹಂಚುವ ಪ್ರೈಮ್‌ನೆಟ್ ಸರ್ವರ್‌ಗೆ ಒಪ್ಪಿಸಿದರೆ, ಲೆಕ್ಕ ನಡೆಸುವ ಪ್ರೈಮ್95 ತಂತ್ರಾಂಶವೇ ಘಾತಾಂಕವನ್ನು (ಪರೀಕ್ಷಿಸಬೇಕಾದ ಸಂಖ್ಯೆಯಲ್ಲಿ 2ರ ಮೇಲಿರುವ ಘಾತವನ್ನು) ಪಡೆದು, ಫಲಿತಾಂಶವನ್ನೂ ಪರೀಕ್ಷೆ ಸರಿಯಾಗಿ ನಡೆದಿದೆಯೆಂದು ಇತರರು ಬೇಗ ಪರಿಶೀಲಿಸಲು ನೆರವಾಗುವ ಪುರಾವೆ ಕಡತವನ್ನೂ ಕಳುಹಿಸುತ್ತದೆ. ಕೈಯಾರೆ ಮಾಡುವುದಾದರೆ ಕೆಲಸದ ಸಾಲನ್ನು ಜಾಲತಾಣದಿಂದ ತಂದು ತಂತ್ರಾಂಶದ ಕೆಲಸದ ಪಟ್ಟಿಯಾದ ವರ್ಕ್‌ಟುಡು ಕಡತಕ್ಕೆ ಅಂಟಿಸಿ, ಮುಗಿದ ಮೇಲೆ ಎಲ್ಲವನ್ನೂ ನಾವೇ ಸಲ್ಲಿಸಬೇಕು. ಗಡುವು ಮೀರಿದರೆ ಆ ಘಾತಾಂಕ ಇನ್ನೊಬ್ಬರ ಪಾಲಾಗಬಹುದು. ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಮಾತ್ರ ಕೈಯಾರೆ ಮಾಡುವುದು ಸರಿ. ಬ್ರಾಡ್‌ಬ್ಯಾಂಡ್ ಇರುವವರಿಗೆ ಸರ್ವರ್ ದಾರಿಯೇ ಲೇಸು.

ಹೆಚ್ಚು ಯೋಚಿಸಬೇಕಾದದ್ದು ಪುರಾವೆ ಕಡತದ ಬಗ್ಗೆ. ಸುಮಾರು 11 ಕೋಟಿಯ ಘಾತಾಂಕವನ್ನು ಪುರಾವೆ ಮಟ್ಟ 8ರಲ್ಲಿ (ಮಟ್ಟ ಹೆಚ್ಚಿದಷ್ಟೂ ಹೆಚ್ಚು ಶೇಷಗಳನ್ನು ಉಳಿಸಬೇಕು) ಪರೀಕ್ಷಿಸುವಾಗ ಮಧ್ಯಂತರ ಶೇಷಗಳಿಗೆ, ಅಂದರೆ ಲೆಕ್ಕದ ನಡುನಡುವೆ ಉಳಿಸಿಡುವ ಫಲಿತಗಳಿಗೆ, ಡಿಸ್ಕ್‌ನಲ್ಲಿ ಸುಮಾರು 3.5 ಜಿಬಿ ಬೇಕು. ಕಳುಹಿಸುವ ಕಡತ ಸುಮಾರು 125 ಎಂಬಿ ಇರುತ್ತದೆ. ಮಟ್ಟ 7ಕ್ಕೆ ಇಳಿಸಿದರೆ ಡಿಸ್ಕ್‌ನ ಜಾಗ ಅರ್ಧ ಸಾಕು, ಆದರೆ ಪರಿಶೀಲಿಸುವವರ ಶ್ರಮ ಇಮ್ಮಡಿಯಾಗುತ್ತದೆ. ಜಾಗವಿದ್ದವರು ಹಾಗೆ ಮಾಡದಿರುವುದೇ ನ್ಯಾಯ. ಕಡತ ತಲುಪದೇ ಹೋದರಂತೂ ಇಡೀ ಪರೀಕ್ಷೆಯನ್ನು ಮತ್ತೊಬ್ಬರು ಮೊದಲಿನಿಂದ ನಡೆಸಬೇಕಾಗುತ್ತದೆ.

ಕರೆಂಟು ಪದೇ ಪದೇ ಹೋಗುವ ಬಡಾವಣೆಯವರು, ಯಾವ ದಾರಿ ಹಿಡಿದರೂ, ಲೆಕ್ಕ ಎಲ್ಲಿಗೆ ಬಂತೆಂದು ದಾಖಲಿಸಲು 30 ನಿಮಿಷಕ್ಕೊಮ್ಮೆ ಬರೆಯಲಾಗುವ ಸೇವ್ ಕಡತದ ಅವಧಿಯನ್ನು 10 ನಿಮಿಷಕ್ಕೆ ಇಳಿಸಿಕೊಳ್ಳಬೇಕು.