ಸ್ವಾವೆಸಿತೊ: ಡಬ್ಬಿ ಮೊದಲು, ಅಂಗಿ ಆಮೇಲೆ

ಕೂದಲನ್ನು ಎತ್ತಿ ಬಾಚಿಕೊಂಡ ಒಂದು ತಲೆಬುರುಡೆ. ಸ್ವಾವೆಸಿತೊ ಟೀಶರ್ಟಿನ ಮೇಲೂ ಅದೇ, ಪೊಮೇಡ್ (ಕೂದಲು ಕೂರಿಸುವ ಲೇಪ) ಡಬ್ಬಿಯ ಮೇಲೂ ಅದೇ. 2010ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಹುಟ್ಟಿದ ಈ ಬ್ರಾಂಡಿನ ಬೇರು ಇರುವುದು ಕಟಿಂಗ್ ಶಾಪಿನ ಕುರ್ಚಿಯಲ್ಲಿ. ಇಸ್ತ್ರಿಯ ಗೆರೆ ಮಾಸದ ಖಾಕಿ ಪ್ಯಾಂಟು, ಮೇಲಿನ ಗುಂಡಿಯೊಂದನ್ನೇ ಹಾಕಿದ ಚೌಕುಳಿ ಅಂಗಿ, ಎಣ್ಣೆ ಮಿಂಚಿನ ಕ್ರಾಪು: ಅಲ್ಲಿನ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ಬೀದಿಯಲ್ಲಿ ಇವು ಮೂರೂ ಸೇರಿಯೇ ಒಂದು ಉಡುಪು. ಹಾಗಾಗಿ ಪೊಮೇಡ್ ಮಾರುವವರು ಅಂಗಿಯನ್ನೂ ಮಾರುವುದು ಸಹಜವಾಗಿಯೇ ಇದೆ.

ಹಳೆಯ ಪೊಮೇಡುಗಳು ಪೆಟ್ರೋಲಿಯಂ ಜೆಲ್ಲಿಯವು. ಎರಡು ಸಲ ಶಾಂಪೂ ಹಾಕಿದರೂ ಜಿಡ್ಡು ಬಿಡದು, ದಿಂಬಿನ ಕವರೂ ಹಾಳು. ಸ್ವಾವೆಸಿತೊದ ಈ ಪೊಮೇಡ್ ನೀರಿನದು, ಬರೀ ನೀರಿಗೇ ಬಿಡುತ್ತದೆ. 4 ಔನ್ಸಿನ (113 ಗ್ರಾಂ) ಡಬ್ಬಿ ಮುಖ್ಯವಾಗಿ ಎರಡು ಬಗೆಯಲ್ಲಿದೆ. ಒರಿಜಿನಲ್ ಹದವಾಗಿ ಹಿಡಿಯುತ್ತದೆ. ಫಿರ್ಮೆ ಒಣಗಿದ ಮೇಲೆ ಜೆಲ್ಲಿನ ಹಾಗೆ ಗಟ್ಟಿಯಾಗುತ್ತದೆ. ದಪ್ಪ, ನೆಟ್ಟಗಿನ ಕೂದಲಿಗೆ ಫಿರ್ಮೆಯೇ ಬೇಕು; ತೆಳು ಕೂದಲಿಗೆ ಹಚ್ಚಿದರೆ ಬುರುಡೆಗೆ ಅಂಟಿ ನೆತ್ತಿ ಕಾಣುತ್ತದೆ.

ನಮ್ಮ ಕಡೆ ಹೆಚ್ಚಿನವರು ಎಡವುವುದು ಕೊಬ್ಬರಿ ಎಣ್ಣೆಯಲ್ಲಿ. ಬೆಳಿಗ್ಗೆ ಎಣ್ಣೆ ಹಚ್ಚಿ ಅದರ ಮೇಲೆ ನೀರಿನ ಪೊಮೇಡ್ ಹಾಕಿದರೆ ಅದು ಕೂದಲಿಗೆ ಹತ್ತದೆ ಜಾರುತ್ತದೆ. ತಲೆ ತೊಳೆದು, ಟವೆಲಿನಲ್ಲಿ ಒತ್ತಿ, ಅರೆ ಒದ್ದೆ ಇರುವಾಗ ಹಚ್ಚಿ. ನೀರು ತೊಟ್ಟಿಕ್ಕುತ್ತಿದ್ದರೆ ಪೊಮೇಡ್ ತೆಳ್ಳಗಾಗಿ ಹಿಡಿತ ಹೋಗುತ್ತದೆ. ಮೂರು ಇಂಚಿನ ಕೂದಲಿಗೆ ಒಂದು ಶೇಂಗಾ ಬೀಜದಷ್ಟು ಸಾಕು, ಕಡಿಮೆಯಾದರೆ ಮತ್ತೆ ಅಷ್ಟೇ. ಅಂಗೈಯಲ್ಲಿ ಉಂಡೆಯಿಲ್ಲದ ಹಾಗೆ ತಿಕ್ಕಿ, ಮೊದಲು ನೆತ್ತಿಯ ಹಿಂಭಾಗ, ಆಮೇಲೆ ಬುಡ, ಕೊನೆಗೆ ಹಣೆಯ ಮೇಲಿನ ಕೂದಲು. ಮುಂದಿನಿಂದ ಶುರು ಮಾಡಿದರೆ ಭಾರವೆಲ್ಲ ಅಲ್ಲೇ ಕೂತು, ಎತ್ತಿದ ಕೂದಲು ಮಧ್ಯಾಹ್ನದೊಳಗೆ ಕುಸಿಯುತ್ತದೆ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಹತ್ತು ನಿಮಿಷ ಮುಟ್ಟಬೇಡಿ.

ಒಣಗಿದ ಮೇಲೆ ಬಾಚಿದರೆ ಹೊಟ್ಟಿನ ಹಾಗೆ ಬಿಳಿ ಪುಡಿ ಉದುರುತ್ತದೆ, ಕಪ್ಪು ಟೀಶರ್ಟಿನ ಮೇಲೆ ಎದ್ದು ಕಾಣುತ್ತದೆ. ಬಾಚಣಿಗೆ ಒದ್ದೆ ಮಾಡಿಕೊಂಡರೆ ಹಚ್ಚಿದ್ದೇ ಮತ್ತೆ ಮೆತ್ತಗಾಗಿ ಮಾತು ಕೇಳುತ್ತದೆ. ಹೆಲ್ಮೆಟ್ ಹಾಕುವವರಿಗೆ ಒರಿಜಿನಲ್ಲೇ ಸರಿ. ಕರಾವಳಿಯ ಸೆಕೆಯಲ್ಲಿ ಎರಡೂ ಬೇಗ ಸಡಿಲಾಗುತ್ತವೆ.

ಕ್ರಾಪು ಸರಿಯಿಲ್ಲದಿದ್ದರೆ ಡಬ್ಬಿ ಏನೂ ಮಾಡಲಾರದು. ಪಕ್ಕದಲ್ಲಿ ಮೆಷಿನ್ನಿನ 1ನೇ ನಂಬರಿನಿಂದ (3 ಮಿ.ಮೀ.) 2ಕ್ಕೆ (6 ಮಿ.ಮೀ.) ಏರಿಸಿ, ಮೇಲೆ ಮೂರು-ನಾಲ್ಕು ಇಂಚು ಬಿಡಲು ಹೇಳಿ.

ಇನ್ನು ಬಟ್ಟೆ. ಕಪ್ಪು ಬಣ್ಣ, ದೊಡ್ಡ ಚಿತ್ರ, ಸರಳ ಹೊಲಿಗೆ. ಹೊಸ ಕತ್ತರಿಕೆ ಹುಡುಕಬೇಡಿ. ಅಮೆರಿಕದ ಅಳತೆ ನಮ್ಮದಕ್ಕಿಂತ ಸಡಿಲ, ಆದ್ದರಿಂದ ಚೆನ್ನಾಗಿ ಕೂರುವ ನಿಮ್ಮದೇ ಅಂಗಿಯನ್ನು ಕಂಕುಳಿಂದ ಕಂಕುಳಿಗೆ ಅಳೆದು ಆರ್ಡರ್ ಮಾಡಿ. ಒಗೆಯುವಾಗ ಒಳಮೈ ಹೊರಗೆ, ತಣ್ಣೀರು, ಚಿತ್ರದ ಮೇಲೆ ಇಸ್ತ್ರಿ ಬೇಡ. ಬಿಸಿಗೆ ಶಾಯಿ ಬಿರಿಯುತ್ತದೆ. ಮೊದಲ ಸಲ ಕೊಳ್ಳುವವರು ಡಬ್ಬಿ ಕೊಳ್ಳಿ. ಬಳಸಿದ ಕೂಡಲೇ ಮುಚ್ಚಳ ಬಿಗಿ ಮಾಡಿ, ಇಲ್ಲವಾದರೆ ನೀರು ಆರಿ ಪೊಮೇಡ್ ರಬ್ಬರಿನಂತಾಗುತ್ತದೆ.