ಹಳೇ ಕಾಂಟೆಸ್ಸಾಗೆ ಅದರದ್ದೇ ಬಟ್ಟೆ ಸೀಟು: ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರಿನ ಬಟ್ಟೆ ಸೀಟು ಸವೆದಿದ್ದರೆ ಬಟ್ಟೆ ಹುಡುಕುವುದಕ್ಕೆ ಮುಂಚೆ ಒಳಗಿನ ಫೋಮ್ ನೋಡಿಸಿ. ದುಡ್ಡು ಅಲ್ಲಿಗೇ ಜಾಸ್ತಿ ಹೋಗಲಿ. ನನ್ನ ಕಾಂಟೆಸ್ಸಾ ಕ್ಲಾಸಿಕ್‌ನ ಸೀಟು ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಅದರಿಂದಲೇ.

ಹಿಂದುಸ್ತಾನ್ ಮೋಟಾರ್ಸ್ 1984ರಲ್ಲಿ ಈ ಕಾರನ್ನು ರಸ್ತೆಗೆ ಬಿಟ್ಟಿತು. ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನದು. ಆಮೇಲೆ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂತು. 2002ರಲ್ಲಿ ತಯಾರಿಕೆಯೇ ನಿಂತಿತು. ಎಂಜಿನ್ನಿನ ಸಾಮಾನು ಹೇಗೋ ಹೊಂದಿಸಬಹುದು. ಸೀಟಿನ ಬಟ್ಟೆ ಹಾಗಲ್ಲ. ನನ್ನ ಗಾಡಿಯಲ್ಲಿದ್ದದ್ದು ವೆಲ್ವೆಟ್ ಥರದ ಬಟ್ಟೆ. ಅದನ್ನು ಹೊಸದಾಗಿ ಕೊಡುವ ಅಂಗಡಿ ನನಗೆ ಸಿಗಲೇ ಇಲ್ಲ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಸರ್, ರೆಕ್ಸಿನ್ ಹಾಕಿಸ್ಬಿಡಿ, ಆರಾಮಾಗಿರ್ತೀರ." ಅವರ ಮಾತಿನಲ್ಲೂ ನ್ಯಾಯವಿದೆ. ರೆಕ್ಸಿನ್ ಒರೆಸಿದರೆ ಸಾಕು, ಕಾಫಿ ಚೆಲ್ಲಿದರೂ ಚಿಂತೆಯಿಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದರ ಮೇಲೆ ಕೂತು ನೋಡಿ. ಬೆನ್ನಿಗೆ ಅಂಗಿ ಅಂಟಿಕೊಳ್ಳುತ್ತೆ. ಬಟ್ಟೆಯಲ್ಲಿ ಗಾಳಿಯಾಡುತ್ತೆ. ಮೇಲಾಗಿ, ಫ್ಯಾಕ್ಟರಿಯಿಂದ ಬಂದ ಬಟ್ಟೆ ಈ ಕಾರಿನ ಗುರುತು. ಅದನ್ನು ಕಿತ್ತೆಸೆದರೆ ಮತ್ತೆ ತರುವುದು ಎಲ್ಲಿಂದ?

ಕೊನೆಗೆ ಒಬ್ಬ ವಯಸ್ಸಾದ ಕುಷನ್ ಮೇಸ್ತ್ರಿ ಒಪ್ಪಿಕೊಂಡರು. ಡ್ರೈವರ್ ಸೀಟನ್ನು ಕೈಯಿಂದ ಒತ್ತಿ ನೋಡಿ, "ಬಟ್ಟೆ ಮಾತು ಆಮೇಲೆ ಸ್ವಾಮಿ, ಮೊದ್ಲು ಬಿಚ್ಚೋಣ" ಅಂದರು. ಬಿಚ್ಚಿದಾಗ ಹಳದಿ ಪುಡಿ ಉದುರಿತು. ಬಿಸಿ, ತೇವ, ಗಾಳಿ ಮೂರೂ ಸೇರಿ ಫೋಮ್ ಅನ್ನು ವರ್ಷಗಟ್ಟಲೆ ತಿನ್ನುತ್ತವೆ. ಫೋಮ್ ಕುಸಿದರೆ ಬಟ್ಟೆ ಸಡಿಲವಾಗುತ್ತೆ. ಸಡಿಲವಾದ ಬಟ್ಟೆ ಒಳಗಿನ ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಉಜ್ಜಿ ಹರಿಯುತ್ತೆ. ನಮ್ಮಲ್ಲಿ ಡ್ರೈವರ್ ಬಲಗಡೆಯಿಂದ ಹತ್ತಿ ಇಳಿಯುತ್ತಾರಲ್ವಾ, ಅದಕ್ಕೇ ಆ ಸೀಟಿನ ಬಲಬದಿಯ ಉಬ್ಬು ಮೊದಲು ಸೋಲುತ್ತೆ. ಅಲ್ಲಿ ಬರೀ ಬಟ್ಟೆ ತೇಪೆ ಹಾಕಿದರೆ ಮತ್ತೆ ಅದೇ ಜಾಗದಲ್ಲಿ ಕಿತ್ತುಕೊಳ್ಳುತ್ತೆ.

ಸ್ಪ್ರಿಂಗ್‌ಗಳ ತುಕ್ಕು ಉಜ್ಜಿ, ಬಣ್ಣ ಹೊಡೆದು, ಮೇಲೆ ಹೊಸ ಗೋಣಿ ಬಟ್ಟೆ ಹಾಕಿಸಿದೆವು. ಸ್ಪ್ರಿಂಗ್ ನೇರವಾಗಿ ಫೋಮ್ ಅನ್ನು ಕೊರೆಯದಿರಲಿ ಅಂತ. ಕೂರುವ ಜಾಗಕ್ಕೆ 40 ಡೆನ್ಸಿಟಿ ಫೋಮ್ (ಅಂದರೆ ಒಂದು ಘನ ಮೀಟರಿಗೆ 40 ಕೆ.ಜಿ. ತೂಗುವಂಥದ್ದು), ಪಕ್ಕದ ಉಬ್ಬಿಗೆ ಅದಕ್ಕಿಂತ ಗಟ್ಟಿಯಾದ, ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ರೀಬಾಂಡೆಡ್ ಫೋಮ್. ಕಡಿಮೆ ಡೆನ್ಸಿಟಿಯದು ಮೊದಲ ದಿನ ಮೆತ್ತಗೆ ಹಿತವಾಗಿರುತ್ತೆ, ಬೇಗ ಕೂತುಬಿಡುತ್ತೆ.

ಇನ್ನು ಬಟ್ಟೆ. ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಕಾಂಟೆಸ್ಸಾದ ಹಿಂದಿನ ಸೀಟು ಸಿಕ್ಕಿತು. ಹಿಂದಿನ ಸೀಟು ಸವೆಯುವುದು ಕಡಿಮೆ, ಹಾಗಾಗಿ ಒಳ್ಳೆ ತುಂಡುಗಳು ಬಂದವು. ಆದರೆ ಎರಡು ಕಾರು ಒಂದೇ ಥರ ಮಾಸಿರುವುದಿಲ್ಲ. ಮೇಸ್ತ್ರಿ ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ಹರಿದ ಒಂದೇ ಭಾಗ ಬದಲಿಸದೆ, ಮುಂದಿನ ಎರಡೂ ಸೀಟುಗಳ ಅದೇ ಭಾಗಗಳನ್ನು ಜೋಡಿಯಾಗಿ ಬದಲಿಸಿದರು. ಬಣ್ಣ ಚೂರು ಬೇರೆಯಾದರೂ ಡಿಸೈನೇ ಹಾಗೆ ಅನ್ನಿಸುತ್ತೆ. ವೆಲ್ವೆಟ್ ಥರದ ಬಟ್ಟೆಯ ರೋಮ ಎಲ್ಲ ತುಂಡುಗಳಲ್ಲೂ ಒಂದೇ ದಿಕ್ಕಿಗೆ ಮಲಗಬೇಕು. ತಿರುಗಿಸಿ ಹೊಲಿದರೆ ಒಂದೇ ಥಾನಿನ ಬಟ್ಟೆಯೂ ಎರಡು ಬಣ್ಣದಂತೆ ಕಾಣುತ್ತೆ. ಸ್ವಲ್ಪವೇ ಮಾಸಿದ ಕಡೆ ಬಣ್ಣ ಸ್ಪ್ರೇ ಮಾಡೋಣ ಅಂತ ಇನ್ನೊಬ್ಬರು ಹೇಳಿದ್ದರು. ನಾನು ಒಪ್ಪಲಿಲ್ಲ. ಪಾಲಿಯೆಸ್ಟರ್ ಬಟ್ಟೆಗೆ ಮಾಮೂಲಿ ಬಣ್ಣ ಒಳಗಿಳಿಯುವುದಿಲ್ಲ. ಸ್ಪ್ರೇ ಬಣ್ಣ ಮೇಲೆ ಕೂತು ಒರಟಾಗುತ್ತೆ, ಆಮೇಲೆ ಉದುರುತ್ತೆ.

ಸೋಫಾ ಬಟ್ಟೆಯೂ ಬೇಡ. ಕಾರಿನ ಸೀಟಿನ ಬಟ್ಟೆಯ ಹಿಂದೆ ತೆಳು ಫೋಮ್ ಹಾಳೆ ಅಂಟಿಸಿರುತ್ತಾರೆ. ಅದಿಲ್ಲದ ಬಟ್ಟೆ ಜಾರಿ ಸುಕ್ಕುಗಟ್ಟುತ್ತೆ. ಹೊಲಿಗೆಗೆ ಹತ್ತಿ ದಾರ ಬೇಡವೇ ಬೇಡ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ಕೇಳಿ. ಕವರ್ ಹಾಕುವಾಗ ಫೋಮ್‌ನ ಗೆರೆಯೊಳಗೆ ತಂತಿ ಇಟ್ಟು ರಿಂಗ್‌ಗಳಿಂದ ಎಳೆದು ಕಟ್ಟಬೇಕು. ಅವಸರದ ಕೆಲಸದಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಆಗ ಸೀಟಿನ ಮಧ್ಯದ ಗೆರೆಗಳು ಮೇಲೆದ್ದು ದಿಂಬಿನಂತೆ ಉಬ್ಬುತ್ತವೆ.

ಈಗ ಹೇಗಿದೆ ಅಂದರೆ, ಡ್ರೈವರ್ ಸೀಟು ಸ್ವಲ್ಪ ಕೂತಿದೆ, ಆದರೆ ಎಲ್ಲೂ ಕುಳಿ ಬಿದ್ದಿಲ್ಲ. ಬಲಬದಿಯ ಉಬ್ಬು ಹಾಗೇ ನಿಂತಿದೆ, ಅದೇ ನನಗೆ ದೊಡ್ಡ ಸಂತೋಷ. ಬೆಂಗಳೂರಿಂದ ಶಿವಮೊಗ್ಗಕ್ಕೆ ಓಡಿಸಿದರೂ ಸೊಂಟ ಹಿಡಿಯುವುದಿಲ್ಲ. ಎಡ ಸೀಟಿನ ಪೈಪಿಂಗ್, ಅಂದರೆ ಅಂಚಿನ ಹೊಲಿಗೆಗುಂಟ ಬರುವ ಉಬ್ಬು ಪಟ್ಟಿ, ಒಂದು ಕಡೆ ಬಿಚ್ಚಿಕೊಂಡಿತು, ಮತ್ತೆ ಹೊಲಿಸಬೇಕಾಯಿತು. ಹಿಂದಿನ ಸೀಟಿನ ಮೇಲ್ತುದಿ ಗಾಜಿನ ಬಿಸಿಲಿಗೆ ಇನ್ನಷ್ಟು ಮಾಸಿದೆ. ಕಾರು ನಿಲ್ಲಿಸಿದಾಗ ಅಲ್ಲಿ ಬಿಳಿ ಪಂಚೆ ಹೊದಿಸುತ್ತೇನೆ.

ಅಂಗಡಿಯ ಮೇಲೆ ನನ್ನ ದೂರು ಒಂದೇ, ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ. ಖರ್ಚು ಪೂರ್ತಿ ರೆಕ್ಸಿನ್ ಸೆಟ್ಟಿಗೆ ಹೇಳಿದ್ದಕ್ಕಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಬಂತು. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಇಷ್ಟು ಬೇಕಿಲ್ಲ. ಇಟ್ಟುಕೊಳ್ಳಲೇಬೇಕು ಅಂತಿರುವ ಕಾರಿಗೆ ಖಂಡಿತ ಮಾಡಿಸಿ.

ತೊಳೆಯುವ ವಿಷಯದಲ್ಲಿ ಮಾತ್ರ ಜೋಪಾನ. ವಾಟರ್ ಸರ್ವಿಸ್‌ನವರಿಗೆ ಸೀಟು ನೆನೆಸಲು ಬಿಡಬೇಡಿ. ಫೋಮ್ ನೀರು ಕುಡಿದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ವಾಸನೆ ಹಿಡಿಯುತ್ತೆ, ಒಳಗಿನ ತುಕ್ಕು ಮೇಲೆ ಕಲೆಯಾಗಿ ಬರುತ್ತೆ. ನಾನು ಮೊದಲು ವ್ಯಾಕ್ಯೂಮ್ ಹಿಡಿದು, ಆಮೇಲೆ ಶಾಂಪೂ ನೊರೆಯನ್ನಷ್ಟೇ ಮೆತ್ತನೆ ಬ್ರಷ್‌ನಿಂದ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಒತ್ತಿ ಮಲಗಿದ ರೋಮಕ್ಕೆ ಸ್ಟೀಮ್ ಐರನ್‌ನ ಹಬೆಯನ್ನು ದೂರದಿಂದ ತೋರಿಸಿ ಬ್ರಷ್ ಮಾಡಿದರೆ ಏಳುತ್ತೆ.

ಮಿಕ್ಕ ಬಟ್ಟೆ ತುಂಡುಗಳನ್ನು ಮೇಸ್ತ್ರಿ ಹತ್ತಿರ ಕೇಳಿ ಇಸ್ಕೊಳ್ಳಿ, ಅಂಗೈ ಅಗಲದ್ದಾದರೂ ಸರಿ. ನನ್ನ ಪೈಪಿಂಗ್ ರಿಪೇರಿಗೆ ಬಟ್ಟೆ ಸಿಕ್ಕಿದ್ದು ಅದರಿಂದಲೇ.